ಸೆಲ್ಫ್ ಹೊಡೀತೈತಿ, ಗಾಡಿ ಚಾಲೂ ಆಗವಲ್ದು

ಮಂಗಳವಾರ ನಾಗರ ಪಂಚಮಿ. ಶನಿವಾರ ನಸುಕಿನ ಐದಕ್ಕೆ ಪುಣೆ ಬದಿಯ ಪಿಂಪಳೆ ಗುರವ ಬಿಟ್ಟರೆ ಹಡಪಸರದ ಗದ್ದಲ ಏಳುವ ಮೊದಲೇ ಸೊಲ್ಲಾಪುರ ರಸ್ತೆ ಹಿಡಿಯಬಹುದು, ಮಧ್ಯಾಹ್ನದ ಊಟಕ್ಕೆ ಇಂಡಿ ಹತ್ತಿರ ಮಾವನ ಮನೆ. ಇದು ನಮ್ಮ ಲೆಕ್ಕ. ಡಿಕ್ಕಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿಗಳು. ಹೆಂಡತಿ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು, ಅವರ ಅವ್ವನಿಗೆ ಫೋನ್ ಹಚ್ಚಿ "ಬಿಟ್ಟೇವಿ ನೋಡವಾ" ಅಂತ ಹೇಳಿಯೂ ಆಗಿತ್ತು. ನಾನು ಚಾವಿ ತಿರುವಿದೆ.

ಘುರ್-ಘುರ್-ಘುರ್-ಘುರ್. ಅಷ್ಟೇ. ಇನ್ನೊಮ್ಮೆ. ಘುರ್-ಘುರ್-ಘುರ್. ಸೆಲ್ಫ್ ಚೆನ್ನಾಗಿ ಹೊಡೆಯುತ್ತಿದೆ, ಎಂಜಿನ್ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ. ಒಂದು ಕೆಮ್ಮೂ ಇಲ್ಲ.

ನಮ್ಮದು 2014ರ ಪೆಟ್ರೋಲ್ ಗಾಡಿ, ಸಣ್ಣದು, ನಾಲ್ಕು ಸಿಲಿಂಡರಿನದು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೀಗೆ ಕೈಕೊಟ್ಟಿರಲಿಲ್ಲ. ಕೈಕೊಟ್ಟಿರಲಿಲ್ಲ ಅನ್ನುವುದು ಪೂರ್ತಿ ಖರೆ ಅಲ್ಲ. ಹಿಂದಿನ ವಾರ ದಾಪೋಡಿಯ ಹ್ಯಾರಿಸ್ ಪೂಲಿನ ಮೇಲೆ, ಸಂಜೆಯ ಜಾಮಿನಲ್ಲಿ, ಎಂಜಿನ್ ಒಮ್ಮೆಲೆ ಬಂದ್ ಬಿದ್ದಿತ್ತು. ಗುದ್ದಾಡಿ, ತಡವರಿಸಿ ನಿಂತದ್ದಲ್ಲ, ಸ್ವಿಚ್ ಆರಿಸಿದ ಹಾಗೆ. ಆರ್‌ಪಿಎಂ ಮುಳ್ಳು ಧಪ್ಪನೆ ಸೊನ್ನೆಗೆ ಬಿದ್ದದ್ದು ಕಣ್ಣಿಗೆ ಕಂಡಿತ್ತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು, ನಾನು ಚಾವಿ ತಿರುವಿದೆ, ಚಾಲೂ ಆಯಿತು. ಮನೆಗೆ ಬಂದು ಮರೆತೂಬಿಟ್ಟೆ. ಕಾರು ಅವತ್ತೇ ತನ್ನ ಅರ್ಧ ಕಥೆ ಹೇಳಿತ್ತು.

ಬಾನೆಟ್ ಎತ್ತಿ ಮೊಬೈಲ್ ಟಾರ್ಚ್ ಹಿಡಿದೆ. ಏನು ನೋಡಬೇಕು ಅಂತ ಗೊತ್ತಿಲ್ಲದವನು ಬಾನೆಟ್ ಎತ್ತಿದರೆ ಏನು ಕಾಣುತ್ತೆ? ಧೂಳು. ಎಂಜಿನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಎರಡು-ಮೂರು ಶೇಂಗಾ ಸಿಪ್ಪೆ ಬಿದ್ದಿದ್ದವು. ಉಫ್ ಅಂತ ಊದಿ ಹಾರಿಸಿದೆ. ಮತ್ತೆ ಬಂದು ಕೂತು ಸೆಲ್ಫ್ ಹೊಡೆದೆ, ಹೊಡೆದೆ, ಹೊಡೆದೆ. ಘುರ್-ಘುರ್ ಹೋಗಿ ಘುರ್ರ್... ಘುರ್ರ್... ಆಯಿತು. ಬ್ಯಾಟರಿ ಕೂತಿತು.

"ರೀ, ಇನ್ನೊಮ್ಮಿ ಅವ್ವಗ ಫೋನ್ ಹಚ್ಚಲೇನು?" ಅಂದಳು ಇವಳು, ಬೆಲ್ಟ್ ಬಿಚ್ಚುತ್ತ.

ಒಂಬತ್ತಕ್ಕೆ ಮುಖ್ಯ ರಸ್ತೆಯ ಒಬ್ಬ ಮಿಸ್ತ್ರಿಯನ್ನು ಕರೆತಂದೆ. ಅವನು ಚಾವಿ ಆನ್ ಮಾಡಿದ, ಎರಡು ಸೆಕೆಂಡ್ ಕಿವಿಗೊಟ್ಟ ಹಾಗೆ ಮಾಡಿದ, ಇಳಿದ. "ಪಂಪ್ ಗೇಲಾ, ಸಾಹೇಬ." ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಹೋಗಿದೆ, ಹೊಸದು ಹಾಕಿ ಐದು ಸಾವಿರದ ಇನ್ನೂರು, ಸಂಜೆಗೆ ಗಾಡಿ ರೆಡಿ. ನಾನು ಹೂಂ ಅನ್ನುವವನೇ ಇದ್ದೆ, ಹಬ್ಬದ ಅವಸರ ಅಂಥದ್ದು. ಆದರೆ ಇವಳು ಹಿಂದಿನ ಬಾಗಿಲು ತೆಗೆದು, ಹಿಂದಿನ ಸೀಟಿಗೆ ಕಿವಿ ಹಚ್ಚಿ, "ಈಗ ಚಾವಿ ತಿರುವ್ರಿ, ಸೆಲ್ಫ್ ಹೊಡೀಬ್ಯಾಡ್ರಿ, ಬರೇ ಆನ್ ಮಾಡ್ರಿ" ಅಂದಳು. ಮಾಡಿದೆ. "ಗುಂಯ್ ಅಂತೈತಲ್ರೀ! ಎರಡ್ ಸೆಕೆಂಡ್ ಅಂದು ಸುಮ್ನಾತು." ಬಹಳ ಕಾರುಗಳಲ್ಲಿ ಪಂಪು ಕೂತಿರುವುದು ಅಲ್ಲೇ, ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನೊಳಗೆ. ಚಾವಿ ಆನ್ ಆದ ಕೂಡಲೇ ಲೈನಿಗೆ ಒತ್ತಡ ತುಂಬಲಿಕ್ಕೆ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಮಿಸ್ತ್ರಿ, ಆವಾಜು ಬಂದರೂ ಪ್ರೆಶರ್ ಇರಬೇಕಲ್ಲ, ಅಂದ. ಆ ಮಾತು ಸುಳ್ಳಲ್ಲ. ಆದರೆ ಪ್ರೆಶರ್ ಅಳೆಯುವ ಗೇಜು ತಂದಿದ್ದೀಯಾ ಅಂದರೆ ಇಲ್ಲ. ನೂರು ರೂಪಾಯಿ ಕೊಟ್ಟು ಕಳಿಸಿದೆವು.

ಆಮೇಲೆ ನೆನಪಾದವರು ಕೆಳಗಿನ ಮನೆಯ ಕಾಕಾ. ಅಕ್ಕಲಕೋಟ ತಾಲೂಕಿನವರು, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಮಹಾರಾಷ್ಟ್ರದ ಸರಕಾರಿ ಬಸ್ಸು, ಎಸ್‌ಟಿಯ ದಾಪೋಡಿ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಪೂಜೆ ಮುಗಿಸಿ ಹಣೆಯ ಮೇಲಿನ ವಿಭೂತಿ ಹಾಗೇ ಇಟ್ಟುಕೊಂಡು ಬಂದರು. ಬಂದವರು ಬಾನೆಟ್ ಕಡೆ ಹೋಗಲಿಲ್ಲ. ಕಾರಿನ ಹಿಂದೆ ಹೋಗಿ ಬಗ್ಗಿ ಸೈಲೆನ್ಸರಿನ ಬಾಯಿಗೆ ಮೂಗು ಹಿಡಿದರು.

"ತಮ್ಮಾ, ಎಷ್ಟ್ ಹೊತ್ತು ಸೆಲ್ಫ್ ಹೊಡದಿ?"

"ಒಂದ್ ಹದಿನೈದ್ ಸಲ ಆಗಿರಬೇಕು ಕಾಕಾ."

"ಅಷ್ಟ್ ಹೊಡದಿ, ಪೆಟ್ರೋಲ್ ವಾಸನಿ ಎಲ್ಲದ? ಎಂಜಿನ್ ಒಳಗ ಪೆಟ್ರೋಲ್ ಬಿದ್ದಿತ್ತಂದ್ರ ಇಷ್ಟೊತ್ತಿಗೆ ಇಲ್ಲಿ ನಿಂದ್ರಾಕ ಆಗ್ತಿದ್ದಿಲ್ಲ."

ಅದೇ ಮೊದಲ ಗೆರೆ. ಪ್ಲಗ್ಗಿನಲ್ಲಿ ಕಿಡಿ ಇದ್ದು ಬರೀ ಪೆಟ್ರೋಲ್ ಹೆಚ್ಚಾಗಿ ಅದು ತೊಯ್ದಿದ್ದರೆ ವಾಸನೆ ಗಪ್ಪಂತ ಬರುತ್ತದೆ. ಆಗ ಅಕ್ಸಲರೇಟರ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆದರೆ ಬಹುತೇಕ ಇಂಜೆಕ್ಷನ್ ಗಾಡಿಗಳು ಪೆಟ್ರೋಲ್ ನಿಲ್ಲಿಸಿ ಒಣಗಿಸಿಕೊಳ್ಳುತ್ತವೆ. ನಮ್ಮದು ಆ ಜಾತಿಯ ರೋಗ ಅಲ್ಲ. ನಮ್ಮದು ಒಣ ರೋಗ.

ಎರಡನೇ ಮಾತು, ಬ್ಯಾಟರಿ. ಮೀಟರ್ ಹಿಡಿದರೆ ಸುಮ್ಮನಿದ್ದಾಗ 11.8 ವೋಲ್ಟ್, ಸೆಲ್ಫ್ ಹೊಡೆದಾಗ 8.9ಕ್ಕೆ ಬೀಳುತ್ತಿತ್ತು. ತುಂಬಿದ ಬ್ಯಾಟರಿ 12.6ರ ಆಸುಪಾಸು ಇರಬೇಕು, ಹೊಡೆಯುವಾಗ ಹತ್ತರ ಕೆಳಗೆ ಇಳಿಯಬಾರದು. "ಹಸಿದ ಬ್ಯಾಟರಿ ಮ್ಯಾಲ ಏನ್ ತಪಾಸಣಿ ಮಾಡಿದ್ರೂ ಸುಳ್ಳ್ ಉತ್ತರ ಬರ್ತದ" ಅಂದರು ಕಾಕಾ. ಎಂಜಿನ್ ನಡೆಸುವ ಕಂಪ್ಯೂಟರಿಗೂ, ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಕಾಯಿಲಿಗೂ ವೋಲ್ಟ್ ಸಾಲದೆ ಹೋದರೆ ಇಲ್ಲದ ದೋಷಗಳೂ ಕಾಣಿಸಿಕೊಳ್ಳುತ್ತವಂತೆ. ಜಂಪ್ ಕೇಬಲ್ ಬೇಡ, ಚಾರ್ಜರ್ ತಾ ಅಂದರು. ಬಿಲ್ಡಿಂಗಿನ ಕೆಳಗಿನ ಇನ್ವರ್ಟರ್ ಅಂಗಡಿಯಿಂದ ಚಾರ್ಜರ್ ತಂದು ಹಚ್ಚಿದೆವು. ನಾಲ್ಕು ತಾಸು. ಆ ನಾಲ್ಕು ತಾಸಿನಲ್ಲಿ ಇವಳು ಉಂಡಿ ಡಬ್ಬಿಗಳನ್ನು ಮತ್ತೆ ಮೇಲೆ ಹೊತ್ತುಕೊಂಡು ಹೋದಳು, ಹೋಗುತ್ತ ನನ್ನ ಮುಖ ನೋಡಲಿಲ್ಲ.

ಎರಡು ಗಂಟೆಗೆ ಮತ್ತೆ ಕೂತೆವು. ಕಾಕಾ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕಣ್ಣು ಮುಚ್ಚಿ, "ಹೊಡಿ" ಅಂದರು. ಐದು ಸೆಕೆಂಡ್ ಹೊಡೆದೆ. "ಕಂಪ್ರೆಶನ್ ಅದ, ಸಿಲಿಂಡರ್ ಗಾಳಿ ಒತ್ತತದ. ಆವಾಜ್ ಒಂದ ಸಮ ಅದ. ಟೈಮಿಂಗ್ ಚೈನ್ ಹರಿದಿದ್ರ ಹಗೂರಾಗಿ ಗಿರ್ರ್ ಅಂತ ತಿರುಗತಿತ್ತು, ಗಾಣಕ್ಕ ಕಾಳ್ ಹಾಕದ ಎತ್ತ್ ಹೊಡದಂಗ." ಮೀಟರಿನ ಪಕ್ಕದ ಚಾವಿ ಗುರುತಿನ ದೀಪ, ಅಂದರೆ ಕಳ್ಳತನ ತಡೆಯುವ ಇಮೊಬಿಲೈಜರಿನದು, ಆನ್ ಮಾಡಿದಾಗ ಹತ್ತಿ ಆರುತ್ತಿತ್ತು. ಅದು ಮಿಣಮಿಣ ಮಿಟುಕುತ್ತಿದ್ದರೆ ಗಾಡಿ ಚಾವಿಯ ಗುರುತು ಹಿಡಿದಿಲ್ಲ ಅಂತ ಅರ್ಥ, ಆಗ ಎರಡನೇ ಚಾವಿ ಹುಡುಕಬೇಕು. ನಮಗೆ ಅದರ ಗೋಜಿರಲಿಲ್ಲ.

ಆಮೇಲೆ ಪ್ಲಗ್. ಮೊದಲು ಪಂಪಿನ ಫ್ಯೂಸ್ ಕಿತ್ತಿಟ್ಟರು. ಕಿಡಿ ನೋಡುವ ಹೊತ್ತಿಗೆ ಪೆಟ್ರೋಲಿನ ಹಬೆ ಇರಬಾರದು. ಹತ್ತರ ಪಾನಾ ಹಾಕಿ ಒಂದು ಕಾಯಿಲ್ ಬಿಚ್ಚಿ, ಅದರ ಕೆಳಗಿನ ಪ್ಲಗ್ ತೆಗೆದರು. ಅಕ್ಕಿ ರೊಟ್ಟಿ ಹಾಗೆ ಒಣಗಿತ್ತು. ಹೊಸ ಪ್ಲಗ್ಗನ್ನು ಕಾಯಿಲಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಕ್ಲಿಪ್ಪಿನಿಂದ ಎಂಜಿನ್ ಬ್ಲಾಕಿಗೆ ಕಟ್ಟಿ, ಕೈ ದೂರ ಸರಿಸಿ, "ಹೊಡಿ" ಅಂದರು. ಪಾರ್ಕಿಂಗಿನ ಕತ್ತಲಲ್ಲಿ ನೀಲಿ ಕಿಡಿ ಕಾಣಬೇಕಿತ್ತು. ಏನೂ ಇಲ್ಲ. ಎರಡನೇ ಕಾಯಿಲ್, ಅದರಲ್ಲೂ ಇಲ್ಲ.

"ಕಾಯಿಲ್ ಹೋಗಿರಬೇಕು" ಅಂದೆ.

"ನಾಕೂ ಕೂಡೇ ಸತ್ತಾವೇನು? ಸುಮ್ನಿರು."

ಜೇಬಿನಿಂದ ಒಂದು ಎಲ್‌ಇಡಿ ಕಟ್ಟಿದ ವೈರಿನ ತುಂಡು ತೆಗೆದರು, ಸ್ವಂತ ಮಾಡಿಕೊಂಡದ್ದು. ಇಂಜೆಕ್ಟರಿನ ಜೋಡಣೆ ಬಿಚ್ಚಿ ಅದರ ಎರಡು ತೂತಿಗೆ ಅದನ್ನು ಸಿಕ್ಕಿಸಿದರು. ಸೆಲ್ಫ್ ಹೊಡೆದಾಗ ಅದು ಪಕಪಕ ಮಿಟುಕಬೇಕು, ಪ್ರತಿ ಮಿಟುಕಿಗೂ ಒಂದು ಚಿಮ್ಮು ಪೆಟ್ರೋಲ್. ಹೊಡೆದೆ. ಸುಮ್ಮನಿತ್ತು.

ಇಲ್ಲಿ ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆಂಕಿಯೂ ಇಲ್ಲ, ಪೆಟ್ರೋಲೂ ಇಲ್ಲ. ಬೇರೆ ಬೇರೆ ಎರಡು ಮನೆಯಲ್ಲಿ ಒಂದೇ ಗಳಿಗೆಗೆ ದೀಪ ಆರಿದರೆ ಬಲ್ಬ್ ನೋಡುವುದಿಲ್ಲ, ಕಂಬ ನೋಡುತ್ತೇವೆ. ಇವೆರಡಕ್ಕೂ ಹುಕುಂ ಕೊಡುವುದು ಒಂದೇ ಕಂಪ್ಯೂಟರ್. ಅದು ಹುಕುಂ ಕೊಡಬೇಕಾದರೆ ಎಂಜಿನ್ ತಿರುಗುತ್ತಿದೆ ಅಂತ ಅದಕ್ಕೆ ಗೊತ್ತಾಗಬೇಕು. ಗೊತ್ತುಮಾಡುವುದು ಕ್ರ್ಯಾಂಕ್ ಸೆನ್ಸರ್: ಕ್ರ್ಯಾಂಕ್ ಶಾಫ್ಟಿಗೆ, ಅಂದರೆ ಎಂಜಿನಿನ ತಿರುಗುವ ಅಚ್ಚಿಗೆ, ಜೋಡಿಸಿದ ಹಲ್ಲಿನ ಚಕ್ರದ ಪಕ್ಕ ಕೂತು ಹಲ್ಲು ಎಣಿಸುವ ಹೆಬ್ಬೆರಳಿನಷ್ಟು ಸಾಮಾನು. ಅದರ ಸುದ್ದಿ ಬರದಿದ್ದರೆ ಕಿಡಿ ಇಲ್ಲ, ಇಂಜೆಕ್ಟರ್ ಇಲ್ಲ, ಎರಡು ಸೆಕೆಂಡಿನ ಗುಂಯ್ ಮುಗಿದ ಮೇಲೆ ಪಂಪೂ ಇಲ್ಲ.

"ಈಗ ಹೊಡಿ, ಆದ್ರ ನನ್ನ ಕಡಿ ನೋಡಬ್ಯಾಡ, ಮುಳ್ಳು ನೋಡು."

ಬೆಳಗಿನಿಂದ ಎಷ್ಟು ಸಲ ಚಾವಿ ತಿರುವಿದ್ದೆನೋ, ಆ ಮುಳ್ಳನ್ನು ಒಮ್ಮೆಯೂ ನೋಡಿರಲಿಲ್ಲ. ಎಂಜಿನ್ ಘುರ್-ಘುರ್ ತಿರುಗುತ್ತಿದೆ, ಇಡೀ ಕಾರು ಅಲುಗುತ್ತಿದೆ, ಆರ್‌ಪಿಎಂ ಮುಳ್ಳು ಸೊನ್ನೆಯ ಮೇಲೆ ಗೂಟ ಬಡಿದ ಹಾಗೆ. ಸಾಮಾನ್ಯಕ್ಕೆ ಇನ್ನೂರು, ಇನ್ನೂರೈವತ್ತಕ್ಕಾದರೂ ಏಳಬೇಕು. ಕೆಲವು ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಮುಳ್ಳು ಏಳುವುದೇ ಇಲ್ಲವಂತೆ, ಆದ್ದರಿಂದ ಅದೊಂದನ್ನೇ ನಂಬಬಾರದು. ನಮ್ಮದರಲ್ಲಿ ಏಳುತ್ತಿತ್ತು ಅಂತ ನನಗೆ ಗೊತ್ತು. ಹ್ಯಾರಿಸ್ ಪೂಲಿನ ಮೇಲೆ ಧಪ್ಪನೆ ಬಿದ್ದ ಮುಳ್ಳು ಆಗ ನೆನಪಾಯಿತು, ಹೇಳಿದೆ. ಕಾಕಾ ಹಣೆ ಬಡಿದುಕೊಂಡರು. "ಅದನ್ನ ಮುಂಜಾನಿ ಹೇಳಬೇಕಿಲ್ಲಪಾ."

ಅಷ್ಟಕ್ಕೆ ನಾಲ್ಕೂವರೆ. ಕಾಕಾ ಚಹಾಕ್ಕೆ, ಆಮೇಲೆ ಮಠದ ಭಜನೆಗೆ ಹೋದರು. ನಾಳೆ ಬೆಳಿಗ್ಗೆ ಮೀಟರ್ ಹಿಡಿದು ನೋಡೋಣ, ಅಲ್ಲಿವರೆಗೆ ಏನೂ ಮುಟ್ಟಬೇಡ ಅಂದಿದ್ದರು.

ನಾನು ಸುಮ್ಮನಿರಲಿಲ್ಲ. ನನ್ನ ಹತ್ತಿರ ಮೊಬೈಲಿಗೆ ಜೋಡಿಸುವ ಸಣ್ಣ ಓಬಿಡಿ ಸ್ಕ್ಯಾನರ್ ಇತ್ತು, ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವುದು. ಸ್ಟೇರಿಂಗ್ ಕೆಳಗೆ ಚುಚ್ಚಿದೆ. ಕೋಡ್ ಬಂತು: ಪಿ0335. ಹುಡುಕಿದರೆ ಕ್ರ್ಯಾಂಕ್ ಸೆನ್ಸರಿನ ಕೋಡೇ. ಆಹಾ, ಇನ್ನೇನು ಬೇಕು! ಬೈಕ್ ಹತ್ತಿ ನಾನಾ ಪೇಟೆಗೆ ಓಡಿದೆ. ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ನಾಲ್ಕನೇದರಲ್ಲಿ ಸಿಕ್ಕಿತು, 1,350 ರೂಪಾಯಿ, ಎಲೆಕ್ಟ್ರಿಕ್ ಮಾಲು ವಾಪಸ್ ಇಲ್ಲ. ರಾತ್ರಿ ಹತ್ತಕ್ಕೆ ಕಾರಿನ ಕೆಳಗೆ ರಟ್ಟು ಹಾಸಿಕೊಂಡು ಮಲಗಿ, ಮೊಳಕೈ ತರಚಿಕೊಂಡು, ಹಳೆಯದನ್ನು ತೆಗೆದು ಹೊಸದು ಹಾಕಿದೆ. ಇವಳು ಟಾರ್ಚ್ ಹಿಡಿದಿದ್ದಳು. ಚಾವಿ ತಿರುವುವ ಮೊದಲು ಇಬ್ಬರೂ ಸಿದ್ಧೇಶ್ವರನನ್ನು ನೆನೆದೆವು.

ಘುರ್-ಘುರ್-ಘುರ್-ಘುರ್.

ಇವಳು ಟಾರ್ಚ್ ಆರಿಸಿದಳು. "ನಾ ನಾಳಿ ಮುಂಜಾನಿ ಬಸ್ಸಿಗೆ ಹೋಗ್ತೀನ್ರಿ" ಅಂದಳು, ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ಚಲೋ ಇತ್ತು. ರವಿವಾರ ಬೆಳಿಗ್ಗೆ ಆರಕ್ಕೆ ಸ್ವಾರಗೇಟಿನಲ್ಲಿ ವಿಜಯಪುರದ ಬಸ್ಸಿಗೆ ಉಂಡಿ ಡಬ್ಬಿ ಸಮೇತ ಹತ್ತಿಸಿ ಬಂದೆ.

ಕಾಕಾ ಹೊಸ ಸೆನ್ಸರಿನ ಖಾಲಿ ಡಬ್ಬಿ ನೋಡಿದರು. ಬೈಯಲಿಲ್ಲ, ಕೋಡನ್ನು ಪೂರ್ತಿ ಓದು ಅಂದರು. ಓದಿದೆ. ಅದರಲ್ಲಿ ಸೆನ್ಸರ್ ಸರ್ಕ್ಯೂಟ್ ಅಂತ ಇತ್ತು. "ಸೆನ್ಸರ್ ಕೆಟ್ಟದ ಅಂತ ಅಲ್ಲ, ಸರ್ಕೀಟ್ ಕೆಟ್ಟದ ಅಂತ ಅಂತದ ಅದು. ಸೆನ್ಸರ್, ವಾಯರ್, ಜೋಡಣಿ, ಎಲ್ಲಾ ಕೂಡಿ ಸರ್ಕೀಟ್. ನೀ ಮೂರರಾಗ ಒಂದ್ ಆರಿಸ್ಕೊಂಡಿ, ತುಟ್ಟೀದ."

ಮೀಟರ್ ಕೆಲಸ ಹತ್ತು ನಿಮಿಷದ್ದು. ನಮ್ಮ ಗಾಡಿಯ ಸೆನ್ಸರಿಗೆ ಮೂರು ವೈರು: ಒಂದು ಐದು ವೋಲ್ಟ್ ಕೊಡುವುದು, ಒಂದು ಸುದ್ದಿ ಒಯ್ಯುವುದು, ಒಂದು ಅರ್ಥ್. ಜೋಡಣೆ ಬಿಚ್ಚಿ ಚಾವಿ ಆನ್ ಮಾಡಿದೆವು. ಮೀಟರಿನ ಕಪ್ಪು ಮೊನೆ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಮೊನೆ ಮೊದಲ ಪಿನ್ನಿಗೆ: 5.02. ಚೆನ್ನಾಗಿದೆ. ನಾನು, ಹಾಗಾದರೆ ವೈರ್ ಸರಿ ಇದೆ ಅಂದೆ. ಕಾಕಾ ಕೆಂಪು ಮೊನೆ ಅಲ್ಲೇ ಇಟ್ಟು, ಕಪ್ಪು ಮೊನೆಯನ್ನು ಬ್ಯಾಟರಿಯಿಂದ ತೆಗೆದು ಅದೇ ಜೋಡಣೆಯ ಮೂರನೇ ಪಿನ್ನಿಗೆ ತಂದರು. ಸೊನ್ನೆ. ಕರೆಂಟು ಬರಲಿಕ್ಕೆ ದಾರಿ ಇದೆ, ಹೋಗಲಿಕ್ಕೆ ದಾರಿ ಇಲ್ಲ. ಅರ್ಥ್ ವೈರು ಎಲ್ಲೋ ತುಂಡಾಗಿದೆ. ಈ ಜೋಡಣೆಗೆ ಹೊಸದಲ್ಲ, ಹತ್ತು ಸೆನ್ಸರ್ ತಂದು ಹಾಕಿದರೂ ಅಷ್ಟೇ.

ಮೊನೆಗಳನ್ನು ಹಾಗೇ ಕಟ್ಟಿ, ಮೀಟರ್ ನನ್ನ ಕೈಗೆ ಕೊಟ್ಟು, "ಅಂಕಿ ಬದಲಾದ ಕೂಡ್ಲೇ ಹೂಂ ಅನ್ನು" ಅಂದರು. ಕೆಳಗಿನಿಂದ ವೈರಿನ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲುಗಾಡಿಸುತ್ತ ಮೇಲೆ ಬಂದರು. ಸೊನ್ನೆ, ಸೊನ್ನೆ, ಸೊನ್ನೆ. ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿನ ಹಿಂದೆ ಕೈ ಹೋದಾಗ ಮೀಟರ್ 5 ತೋರಿಸಿತು. ಮತ್ತೆ ಸೊನ್ನೆ. ಮತ್ತೆ 5.

"ಹೂಂ! ಹೂಂ ಕಾಕಾ!"

ಕಾಕಾ ಕೈ ಹೊರತೆಗೆದರು. ಬೆರಳ ಸಂದಿಯಲ್ಲಿ ಸೀಟಿನ ಸ್ಪಂಜಿನ ಚೂರು, ಹಳೆ ಅರಿವೆಯ ಎಳೆ, ಮತ್ತೆ ಒಂದು ಹಿಡಿ ಶೇಂಗಾ ಸಿಪ್ಪೆ. ಇಲಿಯ ಗೂಡು. ಮಳೆಗಾಲದಲ್ಲಿ ಅದಕ್ಕೆ ಇದಕ್ಕಿಂತ ಬೆಚ್ಚಗಿನ ಜಾಗ ಎಲ್ಲಿ ಸಿಗಬೇಕು? ಪಾರಿವಾಳಕ್ಕೆ ದಿನಾ ಜೋಳ ಎರಚುವ ಮೂರನೇ ಮಹಡಿಯ ತಾಯಿಯ ಮೇಲೆ ನನಗೆ ಮೊದಲಿಂದಲೂ ಅಸಮಾಧಾನ, ಅದರಿಂದಲೇ ಬಿಲ್ಡಿಂಗಿನಲ್ಲಿ ಇಲಿ ಹೆಚ್ಚಾಗಿರುವುದು. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಎತ್ತಿಯೇ ಬಿಡುತ್ತೇನೆ ಅಂದೆ.

ಕಾಕಾ ಒಂದು ಸಿಪ್ಪೆಯನ್ನು ಬೆಳಕಿಗೆ ಹಿಡಿದರು. "ಇದು ಜ್ವಾಳ ಅಲ್ಲಲ್ಲೋ ತಮ್ಮಾ. ಯಾರ ಮನಿ ಶೇಂಗಾ ಇದು?"

ಪಂಚಮಿ ಉಂಡಿಗೆ ಅಂತ ಅತ್ತೆ ಒಂದು ತಿಂಗಳ ಹಿಂದೆಯೇ ಚೀಲ ಶೇಂಗಾ ಕಳಿಸಿದ್ದರು. ಮನೆಯಲ್ಲಿ ಜಾಗ ಇಲ್ಲ ಅಂತ ಕೆಳಗಿನ ಮೀಟರ್ ರೂಮಿನಲ್ಲಿ, ನಮ್ಮ ಕಾರಿನಿಂದ ನಾಲ್ಕು ಹೆಜ್ಜೆ ದೂರ, ಇಟ್ಟವನು ನಾನೇ. ಶನಿವಾರ ನಸುಕಿನಲ್ಲಿ ಉಫ್ ಅಂತ ಊದಿ ಹಾರಿಸಿದವನೂ ನಾನೇ. ಮೀಟಿಂಗಿನ ವಿಷಯ ಅಲ್ಲಿಗೇ ಬಿಟ್ಟೆ.

ಸುಕ್ಕುಗಟ್ಟಿದ ಕಪ್ಪು ಕೊಳವೆಯನ್ನು ಸೀಳಿ ನೋಡಿದಾಗ ಮೂರೂ ವೈರು ಕಂಡವು. ಎರಡರ ಮೇಲಿನ ಹೊದಿಕೆಯಷ್ಟೇ ಕಡಿದಿತ್ತು. ಮೂರನೆಯದು ಪೂರ್ತಿ ಹರಿದು, ತುದಿಯ ತಾಮ್ರ ಹಸಿರುಗಟ್ಟಿತ್ತು; ಎರಡು ತುದಿ ಒಂದಕ್ಕೊಂದು ತಾಗಿ ನಿಂತಷ್ಟು ದಿನ ಗಾಡಿ ಓಡಿದೆ, ಪೂಲಿನ ಮೇಲಿನ ಕುಲುಕಾಟಕ್ಕೆ ಒಮ್ಮೆ ಬಿಟ್ಟು ಕೂಡಿದೆ, ಶನಿವಾರ ಬಿಟ್ಟದ್ದು ಕೂಡಲಿಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿ, ಹಸಿರು ಹಿಡಿದ ಭಾಗವನ್ನು ಒಂದಿಂಚು ಕತ್ತರಿಸಿ ಎಸೆದು, ಅಷ್ಟೇ ದಪ್ಪದ ವೈರಿನ ತುಂಡು ಸೇರಿಸಿ, ಕಾಕಾ ಬೆಸುಗೆ ಹಾಕಿದರು. ಮೇಲೆ ಕಾಸಿದರೆ ಬಿಗಿಯುವ ತೋಳು. ಉಳಿದ ಎರಡಕ್ಕೂ ಬೇರೆ ಬೇರೆಯಾಗಿ ಬಟ್ಟೆಯ ಟೇಪು. ಸಾದಾ ಪ್ಲಾಸ್ಟಿಕ್ ಟೇಪು ಎಂಜಿನ್ ಕಾವಿಗೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ. ಎಪ್ಪತ್ತು ದಾಟಿದ ಕೈ, ಕಾವಿನ ಮೊನೆ ಹಿಡಿದಾಗ ನಡುಗಲಿಲ್ಲ. ಹಳೇ ಸೆನ್ಸರನ್ನೇ ವಾಪಸ್ ಹಾಕಿಸಿದರು. ಅದು ಮಾಡಿದ ತಪ್ಪೇನು ಅಂತ.

ಪಂಪಿನ ಫ್ಯೂಸ್ ಹಾಕಿ ಚಾವಿ ತಿರುವಿದೆ. ಘುರ್-ಘುರ್ ಎರಡು ಸಲ, ಮುಳ್ಳು ನಡುಗಿ ಎದ್ದಿತು, ಎಂಜಿನ್ ಹಿಡಿಯಿತು. ಕಾಕಾ ಕೈ ಒರೆಸಿಕೊಳ್ಳುತ್ತ ಹೊರಟೇಬಿಟ್ಟರು. ದುಡ್ಡಿನ ಮಾತೆತ್ತಲಿಕ್ಕೆ ಬಿಡಲಿಲ್ಲ. ಸಂಜೆ ನಮ್ಮ ಮನೆಗೆ ಬಂದು, ಇವಳು ತೆಗೆದಿಟ್ಟು ಹೋಗಿದ್ದ ಉಂಡಿಗಳಲ್ಲಿ ಎರಡನ್ನು ನಿಂತಲ್ಲೇ ತಿಂದರು. ಸಕ್ಕರೆ ಕಾಯಿಲೆ ಇದೆ, ಕಾಕುಗೆ ಹೇಳಬಾರದು ಅಂತ ಕರಾರು.

ಸೋಮವಾರ ನಸುಕಿನಲ್ಲಿ ಒಬ್ಬನೇ ಹೊರಟೆ. ಹಡಪಸರ ದಾಟಿತು, ಭಿಗವಣ ದಾಟಿತು. ಚಹಾ ಬೇಕಾಗಿತ್ತು, ನಿಲ್ಲಿಸಲಿಲ್ಲ. ನಿಲ್ಲಿಸಿದರೂ ಎಂಜಿನ್ ಬಂದ್ ಮಾಡುವ ಧೈರ್ಯ ಇರಲಿಲ್ಲ. ಇಂದಾಪುರ ದಾಟಿದ ಮೇಲೆ ಪೆಟ್ರೋಲ್ ದೀಪ ಹತ್ತಿತು. ಬಂಕಿನ ಹುಡುಗ ನಳಿಕೆ ಹಿಡಿದು ಬಂದವನು ಹಾಕದೆ ನಿಂತ.

"ಬಂದ್ ಕರಾ ನಾ ಗಾಡಿ, ಕಾಕಾ."

ನಾನೂ ಯಾರಿಗೋ ಕಾಕಾ ಆಗಿದ್ದೆ. ಚಾವಿ ಹಿಂದಕ್ಕೆ ತಿರುವಿದೆ. ಎರಡು ಸಾವಿರದ್ದು ಹಾಕಿಸಿ, ದುಡ್ಡು ಕೊಟ್ಟು, ಹಿಂದೆ ಲಾರಿ ಕಾಯುತ್ತಿದ್ದರೂ ಒಂದು ಗಳಿಗೆ ಸುಮ್ಮನೆ ಕೂತೆ. ಆಮೇಲೆ ರಸ್ತೆ ನೋಡಲಿಲ್ಲ, ಲಾರಿ ನೋಡಲಿಲ್ಲ, ಮುಳ್ಳು ನೋಡುತ್ತ ಚಾವಿ ತಿರುವಿದೆ. ಎದ್ದಿತು.